ಓಲ್ಶಿನಿ ಕೈಫಿಯತ್ತಿಗೆ ಒಂದು ತಿದ್ದುಪಡಿ

ನಮ್ಮ ಓಲ್ಶಿನಿ ಎರಡು ಗುಡ್ಡಗಳ ನಡುವೆ ಇದೆ ಎಂದು ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಒಂದು ಗುಡ್ಡ ನಿಜವಾದದ್ದು. ಇನ್ನೊಂದು ಹಿಂದಿನ ಕಾಲದ ಗಣಿಯವರು ಮಣ್ಣು ತಂದು ಸುರಿದದ್ದು. ಬಂದ ಅತಿಥಿಗಳೆಲ್ಲ ಫೋಟೊ ತೆಗೆಯುವುದು ಆ ಮಣ್ಣಿನ ರಾಶಿಯದ್ದನ್ನೇ. ನಡುವೆ ಒಂದು ಹಳ್ಳ. ಹಳ್ಳದ ಈಚೆಗೆ ಚರ್ಚು, ಬಿಯರ್ ಅಂಗಡಿ, ಸ್ನಾನಗೃಹ. ಆಚೆಗೆ ನಾವು ಮುನ್ನೂರ ಹನ್ನೆರಡು ಜನ. ಭೂಗೋಳ ಇಷ್ಟೇ. ಉಳಿದದ್ದೆಲ್ಲ ಇತಿಹಾಸ, ಅಂದರೆ ಯಾರೋ ಹೇಳಿದ್ದನ್ನು ಇನ್ಯಾರೋ ನಂಬಿದ್ದು.

ನಮ್ಮ ಚೆಕ್ ದೇಶದಲ್ಲಿ ಪ್ರತಿ ಊರೂ ತನ್ನ ಕೈಫಿಯತ್ತು ಬರೆಸಬೇಕೆಂದು ಕಾನೂನೇ ಇದೆ. ನಮ್ಮೂರಲ್ಲಿ ಅದನ್ನು ಬರೆಯುವವನು ನಾನು, ನಿವೃತ್ತ ಮೇಷ್ಟ್ರು ಓಟ್ಮರ್ ಬೆನೆಡಾ. ವರ್ಷದಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಗಾಳಿಗೆ ಯಾರ ಮನೆಯ ಹೆಂಚು ಹಾರಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಪಂಚಾಯಿತಿಯ ಮುಂದಿಡುತ್ತೇನೆ. ಪಂಚಾಯಿತಿ ಅದನ್ನು ಓದದೆ ಒಪ್ಪುತ್ತದೆ. ಊರಿನ ಯಾರು ಬೇಕಾದರೂ ಬಂದು ಓದಬಹುದು, ತಪ್ಪು ಕಂಡರೆ ತಿದ್ದುಪಡಿ ಕೇಳಿ ಅರ್ಜಿ ಕೊಡಬಹುದು ಎಂದೂ ಕಾನೂನಿನಲ್ಲಿದೆ. ಇಪ್ಪತ್ತು ವರ್ಷದಲ್ಲಿ ಒಂದು ಅರ್ಜಿಯೂ ಬಂದಿರಲಿಲ್ಲ. ತಪ್ಪಿದ್ದರೆ ತಾನೆ ಬರುವುದು ಎಂದು ನಾನು ಬೀಗುತ್ತಿದ್ದೆ.

ನಮ್ಮೂರಿಗೆ ಹೆಸರು ಬಂದದ್ದು ನೀರಿನಿಂದ, ಕಾಯಿಲೆ ವಾಸಿಯಾಗಲೆಂದು ಜನ ಅದನ್ನು ಕುಡಿಯಲು, ಅದರಲ್ಲಿ ಮೀಯಲು ಬರುತ್ತಾರೆ. ಸ್ನಾನಗೃಹದ ಮುಂದೆ ಎಂಟು ಕಂಬದ ಬಿಳಿ ಮಂಟಪವಿದೆ, ಅದರೊಳಗೆ ಹಿತ್ತಾಳೆಯ ನಲ್ಲಿ. ಅದೇ ಆನೆಷ್ಕಾ ಊಟೆ, ನೆಲದಿಂದ ತಾನೇ ಉಕ್ಕುವ ಚಿಲುಮೆ. ಹಿಂದೆ ಯಾವುದೋ ಜಹಗೀರುದಾರನ ಮಗಳು ಆನೆಷ್ಕಾ ಮೂರು ವರ್ಷ ಎದ್ದು ನಿಲ್ಲಲಾಗದೆ ಮಲಗಿದ್ದವಳು ಈ ನೀರು ಕುಡಿದು ತನ್ನ ಮದುವೆಯಲ್ಲಿ ಕುಣಿದಳಂತೆ. ಮದುವೆಯಾದ ಮೇಲೆ ಏನಾಯಿತೆಂದು ಕಥೆಯಲ್ಲಿಲ್ಲ. ಮಂಟಪದಿಂದ ನಲವತ್ತು ಮೀಟರು ಹಿಂದೆ, ಬಟ್ಟೆ ಒಗೆಯುವ ಕಟ್ಟಡದ ಬೆನ್ನಿಗೆ, ಗೋಡೆಯಿಂದ ಒಂದು ಕಬ್ಬಿಣದ ಕೊಳವೆ ಚಾಚಿಕೊಂಡಿದೆ. ಅದರ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ನಾವು ಅದನ್ನು ಮೊಟ್ಟೆ ಕೊಳವೆ ಅನ್ನುತ್ತೇವೆ. ಬೂಟಿನ ಕೆಸರು, ಟ್ರಾಕ್ಟರ್ ಚಕ್ರ ತೊಳೆಯುವುದಕ್ಕೆ ಅದು. ನನ್ನ ನಾಯಿ ಆ ನೀರು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹದಿನಾರು ವರ್ಷ ಬದುಕಿತ್ತು, ಪಾಪ.

ಈ ಊರು ಕಟ್ಟಿದವರು ಜರ್ಮನ್ ಮಾತಾಡುವವರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಸರ್ಕಾರದವರು ಅವರನ್ನು ತಲೆಗೆ ಐವತ್ತು ಕಿಲೋ ಗಂಟು ಹೊರಿಸಿ ಜರ್ಮನಿಯ ರೈಲು ಹತ್ತಿಸಿದರು. ಅವರ ಒಲೆ ಆರುವ ಮೊದಲೇ ನಮ್ಮ ಅಪ್ಪ ಅಮ್ಮಂದಿರು ಬೇರೆ ಬೇರೆ ಕಡೆಯಿಂದ ಬಂದು ಅದರ ಮುಂದೆ ಕೂತರು. ಯಾವ ಬೀಗಕ್ಕೆ ಯಾವ ಕೀಲಿ, ಯಾವ ನಲ್ಲಿಗೆ ಎಲ್ಲಿಯ ನೀರು ಎಂದು ಹೇಳಲು ಯಾರೂ ಉಳಿದಿರಲಿಲ್ಲ. ಕೇಳುವ ಮುಖವೂ ನಮ್ಮವರಿಗಿರಲಿಲ್ಲ. ಅಂದಚೆಂದದ ಮಂಟಪವಿದೆ, ಒಳಗೆ ನಲ್ಲಿಯಿದೆ, ಇದೇ ಔಷಧದ ನೀರು ಎಂದು ತೀರ್ಮಾನಿಸಿ ಫಲಕ ಬರೆಸಿದರು. ಆ ಫಲಕ ಮಾಸಿದಾಗ ಹೊಸದನ್ನು ಬರೆದುಕೊಟ್ಟವನು ನಾನೇ. ಅತಿಥಿಗಳಿಗೆ ಹಂಚುವ ಕಿರುಪುಸ್ತಕವೂ ನನ್ನದೇ. ಅದರ ನಾಲ್ಕನೇ ಪುಟದಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ: ಬೇರೆ ಊರಿನ ಊಟೆಗಳ ಹಾಗೆ ನಮ್ಮ ಆನೆಷ್ಕಾ ಪಿಂಗಾಣಿ ಬಟ್ಟಲಿಗೆ ಕಲೆ ಹತ್ತಿಸುವುದಿಲ್ಲ, ಅಷ್ಟು ಶುದ್ಧ.

ಹಳಬರಿಂದ ನಾವು ಬಿಡದೆ ಉಳಿಸಿಕೊಂಡ ಪದ್ಧತಿ ಒಂದೇ. ನವೆಂಬರಿನಲ್ಲಿ ಸಂತ ಮಾರ್ಟಿನ್ ಹಬ್ಬದ ದಿನ ಮಂಟಪಕ್ಕೆ ಬೀಗ ಬೀಳುತ್ತದೆ. ಮೇ ತಿಂಗಳ ಮೊದಲ ಭಾನುವಾರ ಪಾದ್ರಿ ಬಂದು ಊಟೆಗೆ ಆಶೀರ್ವಾದ ಮಾಡಿದ ಮೇಲೆಯೇ ತೆಗೆಯುವುದು. ಮಧ್ಯದಲ್ಲಿ ತೆಗೆದರೆ ಊಟೆ ಬತ್ತುತ್ತದೆ ಅನ್ನುತ್ತಾರೆ. ದೇವರನ್ನೇ ನಂಬದ ಊರು ಇದು, ಬೀಗವನ್ನು ಮಾತ್ರ ಅಳ್ಳಾಡದೆ ನಂಬುತ್ತದೆ. ನೀರು ಪರೀಕ್ಷೆಯವರು ಬರುತ್ತಿದ್ದದ್ದು ಫೆಬ್ರವರಿಯಲ್ಲಿ. ಬೀಗ ತೆಗೆಯುವ ಹಾಗಿಲ್ಲ. ಹಾಗಾಗಿ ನಮ್ಮವರು, ಎರಡೂ ಒಂದೇ ಗುಡ್ಡದ ನೀರು ತಾನೆ ಎಂದು, ಅವರ ಸೀಸೆಗೆ ಮೊಟ್ಟೆ ಕೊಳವೆಯದನ್ನು ತುಂಬಿ ಕಳಿಸುತ್ತಿದ್ದರು. ಪ್ರತಿ ಸಲವೂ 'ಅತ್ಯುತ್ತಮ ಔಷಧೀಯ ಜಲ' ಎಂದು ಸರ್ಟಿಫಿಕೇಟು ಬರುತ್ತಿತ್ತು. ಅದನ್ನು ಮಂಟಪದಲ್ಲಿ ಕಟ್ಟು ಹಾಕಿಸಿ ತೂಗುಬಿಡುತ್ತಿದ್ದೆವು.

ಇನ್ನು ನನ್ನ ಹೆಂಡತಿ ಯರ್ಮಿಲಾ. ಅವಳ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಹನ್ನೊಂದು ವರ್ಷದ ಹಿಂದೆಯೇ ಪಿಲ್ಜೆನ್ ಆಸ್ಪತ್ರೆಯವರು ಆಪರೇಷನ್ ಅಂದಿದ್ದರು. ಇವಳು ಒಪ್ಪಲಿಲ್ಲ.

"ಕುಯ್ಯೋರಿಗೇನು, ಕುಯ್ತಾರೆ. ನಮ್ಮೂರ ನೀರಿಗೆ ಜನ ರೈಲು ಹತ್ತಿ ಬರ್ತಾರೆ, ನಾನು ನೀರು ಬಿಟ್ಟು ರೈಲು ಹತ್ತಬೇಕಾ?" ಎಂದಳು. ದಿನಕ್ಕೆ ಮೂರು ಬಟ್ಟಲು, ತಪ್ಪಿಲ್ಲ. ಚಳಿಗಾಲಕ್ಕೆಂದು ಬೀಗ ಬೀಳುವ ಮುಂಚೆ ಇನ್ನೂರು ಸೀಸೆ ತುಂಬಿಸಿ ನೆಲಮಾಳಿಗೆಯಲ್ಲಿ ಜೋಡಿಸುತ್ತಿದ್ದಳು. ಹೊತ್ತು ತರುವವನು ನಾನು. ಹುರಿದ ಹಂದಿಮಾಂಸ ತಿಂದು, ಮೇಲೆ ಒಂದು ಬಟ್ಟಲು ನೀರು ಕುಡಿದು, "ಕರಗ್ತಾ ಇದೆ ಕಣೋ, ನನಗೆ ಗೊತ್ತಾಗುತ್ತೆ" ಅನ್ನುತ್ತಿದ್ದಳು. ಇತ್ತೀಚೆಗೆ ನೋವು ತಿಂಗಳಿಗೊಮ್ಮೆ ಬರುತ್ತಿತ್ತು. ಅವಳು ಉಳಿಯಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಈ ಮಾತನ್ನು ಮುಂದೆ ಓದುವಾಗ ಮರೆಯಬೇಡಿ.

ಏಪ್ರಿಲ್ ಹದಿನಾಲ್ಕನೇ ತಾರೀಕು, ಶುಕ್ರವಾರ, ಜರ್ಮನಿಯಿಂದ ಒಂದು ಬಸ್ಸು ಬಂತು. ಹೊರಹಾಕಿಸಿಕೊಂಡವರ ಬಸ್ಸು ಆಗಾಗ ಬರುತ್ತದೆ. ಇಳಿದು, ತಮ್ಮ ಮನೆಗಳನ್ನು ಬೇಲಿಯಾಚೆಯಿಂದ ನೋಡಿ, ಕಣ್ಣೊರೆಸಿಕೊಂಡು, ಕೇಕು ತಿಂದು ಹೋಗುತ್ತಾರೆ. ಈ ಸಲ ಎಂಬತ್ತೊಂಬತ್ತು ವರ್ಷದ ಒಬ್ಬ ಅಜ್ಜಿ ಇದ್ದಳು, ಹಿಲ್ಡೆಗಾರ್ಡ್ ಅಂತ. ಊರು ತೋರಿಸಲು ನಾನು ಜೊತೆಗೆ ಹೋದೆ. ಅವಳೇ ನನಗೆ ತೋರಿಸಿದಳು ಅನ್ನಿ. ಬೀಗ ಹಾಕಿದ ಮಂಟಪದ ಕಡೆ ತಿರುಗಿಯೂ ನೋಡದೆ ಕೋಲೂರಿಕೊಂಡು ನೆಟ್ಟಗೆ ಮೊಟ್ಟೆ ಕೊಳವೆಯ ಹತ್ತಿರ ಹೋದಳು. ಚೀಲದಿಂದ ಬಟ್ಟಲು ತೆಗೆದಳು, ನಮ್ಮೂರದೇ ಬಟ್ಟಲು, ಹಿಡಿಯಲ್ಲೇ ಹೀರುವ ಮೂತಿ ಇರುವಂಥದ್ದು. ಒಳಗೆಲ್ಲ ಕಂದು ಬಣ್ಣ. ತುಂಬಿಕೊಂಡು ಕಣ್ಣುಮುಚ್ಚಿ ಹೀರಿದಳು.

"ಅಯ್ಯೋ ಅಜ್ಜಿ, ಅದನ್ನ ಕುಡಿಯಲ್ಲ ನಾವು! ಆನೆಷ್ಕಾ ಆ ಕಡೆ, ಮಂಟಪದಲ್ಲಿ!"

ಅಜ್ಜಿ ನಕ್ಕು, ಮುರುಕು ಚೆಕ್ ಭಾಷೆಯಲ್ಲಿ ಹೇಳಿದಳು: "ಆನೆಷ್ಕಾ ಇದೇ ಅಲ್ವೇನಪ್ಪಾ. ಅದು ತೊಳೆಯೋ ನೀರು."

"ಏನು ತೊಳೆಯೋದು?"

"ಬಟ್ಟಲು. ಇದು ಬಟ್ಟಲಿಗೆ ಕಲೆ ಹತ್ತಿಸುತ್ತೆ. ದೊಡ್ಡ ಮನೆ ಹೆಂಗಸರು ಇಲ್ಲಿ ಕುಡಿದು, ಅಲ್ಲಿ ಹೋಗಿ ತೊಳ್ಕೊಂಡು, ಬ್ಯಾಂಡು ಕೇಳ್ತಾ ಕೂತ್ಕೊಳ್ಳೋರು. ಅದು ಪಾದ್ರಿ ಮನೆ ಬಾವಿ ನೀರು. ನನ್ನಪ್ಪನೇ ಮಂಟಪ ನೋಡ್ಕೊಳ್ತಾ ಇದ್ದಿದ್ದು." ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಯಾಕಪ್ಪಾ? ನೀವು ಅದನ್ನ ಕುಡಿತೀರಾ?"

"ಛೆ ಛೆ, ಎಲ್ಲಾದ್ರೂ ಉಂಟೇ" ಎಂದೆ.

ಮನೆಗೆ ಕರೆತಂದು ಕಾಫಿ ಕೊಡಿಸಿದೆ. ಯರ್ಮಿಲಾ ಗಸಗಸೆ ಹೂರಣದ ಬನ್ನು ಮಾಡಿದ್ದಳು. ಅಜ್ಜಿಯ ಬಟ್ಟಲು ಕಂಡು, "ಪಾಪ, ನೋಡ್ಕೊಳ್ಳೋರಿಲ್ಲ ಅನ್ಸುತ್ತೆ" ಎಂದು ಒಳಗೆ ಒಯ್ದು ಸೋಡಾಪುಡಿ ಹಾಕಿ ಹತ್ತು ನಿಮಿಷ ತಿಕ್ಕಿದಳು. ಕಲೆ ಹೋಗಲಿಲ್ಲ. ಅಜ್ಜಿ ಏನಾದರೂ ಬಾಯಿ ಬಿಡುತ್ತಾಳೇನೋ ಎಂದು ನಾನು ಕೂತಲ್ಲೇ ಬೆವರಿದೆ. ಅವಳು ಬನ್ನು ಹೊಗಳಿ, ಬಸ್ಸು ಹತ್ತಿ ಹೋದಳು.

ನಾನು ಹೆಂಡತಿಗೆ ಹೇಳಲಿಲ್ಲ. ಟೋಪಿ ಹಾಕಿಕೊಂಡು ಅಧ್ಯಕ್ಷನ ಹತ್ತಿರ ಹೋದೆ. ಅಧ್ಯಕ್ಷ ಪೆಶೆಕ್ ನನ್ನ ಹಳೆಯ ಶಿಷ್ಯ, ಭೂಗೋಳದಲ್ಲಿ ಎರಡು ಸಲ ನಪಾಸು.

"ಮೇಷ್ಟ್ರೇ, ಇದನ್ನ ಇನ್ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಅಮ್ಮಾವ್ರಿಗೆ?"

"ಇಲ್ಲ ಕಣೋ."

ಪೆಶೆಕ್ ಉಸಿರು ಬಿಟ್ಟು ಕುರ್ಚಿಗೆ ಒರಗಿದ. "ನೋಡಿ, ಗಾಬರಿಯಾಗೋದೇನೂ ಇಲ್ಲ. ನಮ್ಮ ಕಾಗದ ಸರಿ ಇದೆ. ನಮ್ಮ ನೀರೂ ಸರಿ ಇದೆ. ಎರಡೂ ಬೇರೆ ಬೇರೆ ಕಡೆ ಇವೆ, ಅಷ್ಟೇ."

"ಎಪ್ಪತ್ತೇಳು ವರ್ಷ ಜನಕ್ಕೆ ಬಟ್ಟಲು ತೊಳೆಯೋ ನೀರು ಕುಡಿಸಿದೀವಲ್ಲೋ!"

"ವಾಸಿಯಾಗಿದೆಯಲ್ಲ? ಥ್ಯಾಂಕ್ಸ್ ಹೇಳಿದ ಕಾಗದಗಳೇ ಮೂರು ಬೀರು ತುಂಬ ಇವೆ." ಆಮೇಲೆ ತಲೆ ಕೆರೆದುಕೊಂಡ. "ತಲೆನೋವು ಅದಲ್ಲ ಮೇಷ್ಟ್ರೇ. ಈ ವರ್ಷ ಹೊಸ ನಿಯಮ. ಪರೀಕ್ಷೆಯವನು ಬೀಗ ತೆಗೆಯೋ ದಿನಾನೇ ಬರ್ತಾನೆ, ಅತಿಥಿಗಳು ಕುಡಿಯೋ ನಲ್ಲಿಯಿಂದಾನೇ ಹಿಡಿತಾನೆ. ನಪಾಸಾದ್ರೆ ಸ್ನಾನಗೃಹ ಮುಚ್ಚಿದ ಹಾಗೆ. ಅರ್ಧ ಊರಿಗೆ ಕೆಲಸ ಇರಲ್ಲ."

"ಏನ್ಮಾಡ್ತೀಯಾ?"

"ನಲವತ್ತು ಮೀಟರು ಪೈಪು, ಮೊಟ್ಟೆ ಕೊಳವೆಯಿಂದ ಮಂಟಪದ ನಲ್ಲಿಗೆ. ನಮ್ಮ ಬೆಂಕಿ ಆರಿಸೋ ಹುಡುಗ್ರು ಎರಡು ಶನಿವಾರದಲ್ಲಿ ಹೂತುಬಿಡ್ತಾರೆ. ಕೇಳಿದೋರಿಗೆ ರಿಪೇರಿ ಅನ್ನೋಣ. ನೀವು ಮಾತ್ರ ಅಲ್ಲಿವರೆಗೂ ಬಾಯಿಗೆ ಬೀಗ ಹಾಕ್ಕೊಳ್ಳಿ, ಸಂತ ಮಾರ್ಟಿನ್ ಹಬ್ಬದ ಬೀಗದ ಹಾಗೆ."

ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಬೀಗ ತೆಗೆಯುವ ಮೇ ಏಳರಿಂದ ಯರ್ಮಿಲಾ ತಾನಾಗಿಯೇ ನಿಜವಾದ ನೀರು ಕುಡಿಯುತ್ತಾಳೆ. ನಾನು ಏನೂ ಹೇಳಬೇಕಾಗಿಲ್ಲ. ಹನ್ನೊಂದು ವರ್ಷ ದಂಡವಾಯಿತೆಂದು ಅವಳ ಮುಖದ ಮೇಲೆ ಹೇಳುವ ಕಷ್ಟ ತಪ್ಪಿತು, ನನ್ನ ಫಲಕ, ನನ್ನ ಕಿರುಪುಸ್ತಕ, ನನ್ನ ಮಾನ ಎಲ್ಲವೂ ಉಳಿಯಿತು. ಹೇಡಿಗೆ ದಾರಿ ಸಿಕ್ಕರೆ ಅದು ಎಷ್ಟು ಅಗಲವಾಗಿ ಕಾಣುತ್ತದೆ ನೋಡಿ.

ಹನ್ನೊಂದು ದಿನ ಕಳೆದ ಮೇಲೆ, ಮಂಗಳವಾರ ಮಧ್ಯಾಹ್ನ, ಬಾತುಕೋಳಿ ಊಟವಾದ ಸ್ವಲ್ಪ ಹೊತ್ತಿಗೆ ಅವಳಿಗೆ ನೋವು ಬಂತು. ಯಾವತ್ತಿನ ಹಾಗಲ್ಲ. ಅಡುಗೆಮನೆಯ ನೆಲದ ಮೇಲೆ ಮುದುಡಿ ಬಿದ್ದಿದ್ದಳು, ಮುಖ ಸುಣ್ಣದ ಹಾಗಾಗಿತ್ತು.

"ಡಾಕ್ಟರಿಗೆ ಫೋನ್ ಮಾಡ್ತೀನಿ."

"ಬೇಡ! ನೀರು... ನೀರು ತಾ, ಓಟ್ಮರ್."

ನೆಲಮಾಳಿಗೆಗೆ ಇಳಿದೆ. ಸೀಸೆಗಳ ಮುಂದೆ ನಿಂತೆ. ಕೊಳವೆಯ ಹತ್ತಿರ ಓಡಿಹೋಗಿ ಬರಲು ನಾಲ್ಕು ನಿಮಿಷ ಸಾಕಿತ್ತು. ಆದರೆ ಆ ವಾಸನೆ ಬಂದರೆ ಇದೇನು ಅನ್ನುತ್ತಾಳೆ, ಏನೆಂದು ಹೇಳಬೇಕಾಗುತ್ತದೆ. ಮೇಲೆ ಹೋಗಿ ಎಲ್ಲವನ್ನೂ ಹೇಳಿ, ಆಂಬ್ಯುಲೆನ್ಸ್ ಕರೆಸಬಹುದಿತ್ತು. ನಾನು ಸೀಸೆ ತೆಗೆದುಕೊಂಡು ಹತ್ತಿದೆ. ತಲೆ ಎತ್ತಿ ಹಿಡಿದು ಪಾದ್ರಿ ಮನೆ ಬಾವಿಯ ನೀರನ್ನು ನನ್ನ ಕೈಯಾರೆ ಕುಡಿಸಿದೆ. "ನಿಧಾನ, ನಿಧಾನ ಕುಡಿ" ಎಂದೂ ಹೇಳಿದೆ.

ಮೂರು ಗಂಟೆಯ ಹೊತ್ತಿಗೆ ನೋವು ತಾನೇ ಇಳಿಯಿತು. ಅವಳು ಬೆವರೊರೆಸಿಕೊಂಡು ನನ್ನ ಕೈ ಹಿಡಿದುಕೊಂಡಳು. "ನೋಡಿದ್ಯಾ? ಈ ನೀರಿಲ್ದೆ ಇದ್ರೆ ನಾನು ಯಾವಾಗ್ಲೋ ಹೋಗ್ತಿದ್ದೆ" ಎಂದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ. ಎದ್ದು ಪಾತ್ರೆ ತೊಳೆದೆ.

ಮೇ ಏಳು ಬಂತು. ಬ್ಯಾಂಡು, ಬಾವುಟ, ಹೊಸ ಬಣ್ಣದ ಮಂಟಪ. ಪೋಲೆಂಡಿನಿಂದ ನಮಗೆ ಸಾಲ ಬಂದಿರುವ ಪಾದ್ರಿ ನಲ್ಲಿಗೆ ಪವಿತ್ರ ಜಲ ಚಿಮುಕಿಸಿದ. ನೀರಿಗೇ ನೀರು ಚಿಮುಕಿಸುವುದು ಯಾಕೆಂದು ಯಾರೂ ಕೇಳುವುದಿಲ್ಲ. ಪೆಶೆಕ್ ಬೀಗ ತೆಗೆದ. ಮೊದಲ ಬಟ್ಟಲು ಕುಡಿಯುವ ಗೌರವ ಈ ಸಲ ಯರ್ಮಿಲಾಗೆ ಸಿಕ್ಕಿತ್ತು, ಹನ್ನೊಂದು ವರ್ಷ ತಪ್ಪದೆ ಕುಡಿದಿದ್ದಕ್ಕೆ. ಅವಳು ಹೂವಿನ ಲಂಗ ಉಟ್ಟು ಮುಂದೆ ಹೋಗಿ ಬಟ್ಟಲು ತುಂಬಿಸಿಕೊಂಡು, ಎಲ್ಲರ ಕಡೆ ನಕ್ಕು, ಅರ್ಧ ಬಟ್ಟಲು ಒಂದೇ ಗುಟುಕಿಗೆ ಹೀರಿದಳು.

ಹೀರಿದವಳ ಕಣ್ಣು ಮೇಲೆ ಹೋಯಿತು. "ಥೂ! ಏನ್ರೋ ಇದು? ನಮ್ಮ ನೀರಿಗೆ ಏನು ಹಾಕಿದ್ರಿ?"

ಬ್ಯಾಂಡು ನಿಂತಿತು. ಪೆಶೆಕ್ ಅವಸರವಾಗಿ ತಾನೂ ಒಂದು ಬಟ್ಟಲು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಆಹಾ!" ಎಂದ. ಅಧ್ಯಕ್ಷರೇ ಕುಡಿದರಲ್ಲ ಎಂದು ಅತಿಥಿಗಳೂ ಮೂಗು ಹಿಡಿದುಕೊಂಡು ಕುಡಿದರು. ಈ ನೀರು ಹೊಟ್ಟೆಯಲ್ಲಿ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಸ್ನಾನಗೃಹದ ಆರು ಪಾಯಿಖಾನೆಗಳ ಮುಂದೆ ಸಾಲು ನಿಂತಿತು. ಸಾಲಿನ ತಲೆಯಲ್ಲಿ ದೊಡ್ಡ ಕಹಳೆ ಊದುವವನು, ಕಹಳೆ ಸಮೇತ. ಈ ಗಲಾಟೆಯಲ್ಲಿ ಪರೀಕ್ಷೆಯವನು ಒಬ್ಬನೇ ನಲ್ಲಿಯ ಮುಂದೆ ನಿಂತು ಸೀಸೆ ತುಂಬಿ, ಏನೇನೋ ಅದ್ದಿ ನೋಡಿ, ಪೆಶೆಕ್‌ನ ಕೈ ಕುಲುಕಿದ.

"ಅದ್ಭುತ ನೀರು ರೀ. ಹಳೇ ಕಾಗದದಲ್ಲಿ ಇರೋದಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಇಲ್ಲ."

ಸಾಯಂಕಾಲದ ಒಳಗೆ ಅಧ್ಯಕ್ಷನ ಬಾಗಿಲಿಗೆ ನಿಯೋಗ ಬಂತು. ಮುಂದೆ ನನ್ನ ಹೆಂಡತಿ. "ನಮ್ಮ ಆನೆಷ್ಕಾ ನಮಗೆ ವಾಪಸ್ ಕೊಡು! ರಿಪೇರಿ ಅಂತ ಅಗೆದು ಊಟೇನೇ ಕೆಡಿಸಿಬಿಟ್ರಲ್ಲ, ಕೈ ಸುಮ್ನಿರಲ್ವಾ ನಿಮಗೆ?" ಪರೀಕ್ಷೆಯವನು ಹೋಗಿಯಾಗಿತ್ತು, ಪೆಶೆಕ್‌ಗೆ ಇನ್ನೇನು ಬೇಕು? ಸೋಮವಾರ ಪೈಪು ಕಿತ್ತರು. ಬಾವಿ ನೀರು ಮತ್ತೆ ಹರಿಯಿತು. ಊರಿಗೆ ಊರೇ ಬಂದು ಕುಡಿದು, "ಹಾಂ, ಇದು ನೀರು" ಎಂದಿತು.

ಯರ್ಮಿಲಾ ಮಾತ್ರ ಕುಡಿಯಲಿಲ್ಲ. "ಒಂದೇ ದಿನದಲ್ಲಿ ಹಾಗೆ ಕೆಡೋ ಊಟೆ ನಂಬಿ ಕೂರೋಕಾಗಲ್ಲ. ಪಿಲ್ಜೆನ್‌ಗೆ ಫೋನ್ ಮಾಡು" ಎಂದಳು. ಮರುವಾರ ಆಪರೇಷನ್ ಆಯಿತು. ಹತ್ತೊಂಬತ್ತು ಕಲ್ಲು ತೆಗೆದು ಸಣ್ಣ ಗಾಜಿನ ಡಬ್ಬಿಯಲ್ಲಿ ಹಾಕಿಕೊಟ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಆಸ್ಪತ್ರೆಯ ಗೋಡೆ ಹಿಡಿದುಕೊಂಡು ಅತ್ತೆ. ಅರವತ್ತೊಂಬತ್ತು ವರ್ಷದ ಗಂಡಸು ಹಾಗೆ ಅತ್ತದ್ದು ನೋಡಿ ನರ್ಸ್ ನೀರು ತಂದುಕೊಟ್ಟಳು. ಅದನ್ನೂ ಕುಡಿಯಲಾಗಲಿಲ್ಲ.

ಜೂನ್ ತಿಂಗಳಲ್ಲಿ ಅವಳು ಓಡಾಡುವಷ್ಟು ಚೇತರಿಸಿಕೊಂಡಳು. ಒಂದು ಬೆಳಗ್ಗೆ ಅಡುಗೆಮನೆಯಿಂದ ಕೂಗಿದಳು. "ಓಟ್ಮರ್, ಇಲ್ಲಿ ಬಾ." ಅವಳ ಕೈಯಲ್ಲಿ ಬಟ್ಟಲಿತ್ತು. ಬೀಗ ತೆಗೆದ ದಿನ ಉಳಿದ ಅರ್ಧ ನೀರಿನ ಸಮೇತ ಅವಳು ಮನೆಗೆ ತಂದಿಟ್ಟಿದ್ದ ಅದು ಕಿಟಕಿಯ ಮೇಲೆ ಹಾಗೇ ನಿಂತಿತ್ತು. ಅವಳಿಲ್ಲದ ದಿನಗಳಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ಒಳಗೆ ಸುತ್ತಲೂ ಕಂದು ಗೆರೆ.

"ಹೋಗ್ತಾ ಇಲ್ಲ ಇದು. ಸೋಡಾ ಹಾಕಿ ತಿಕ್ಕಿದೆ."

"ಹಳೇದಾಯ್ತು ಬಿಡು, ಹೊಸದು ತರೋಣ."

"ಹನ್ನೊಂದು ವರ್ಷ ಆಗದೆ ಇರೋ ಕಲೆ ಇದು. ಆ ಜರ್ಮನ್ ಅಜ್ಜಿ ಬಟ್ಟಲಲ್ಲೂ ಇದೇ ಬಣ್ಣ ಇತ್ತು. ನಾನೇ ತಾನೆ ತಿಕ್ಕಿದ್ದು?" ಬಟ್ಟಲನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. "ಆಕೆ ಎಲ್ಲಿಂದ ಕುಡಿದಳು, ಮೇಷ್ಟ್ರೇ?"

ಅವಳು ಮೇಷ್ಟ್ರೇ ಅಂದರೆ ಮುಗಿಯಿತು. ಎಲ್ಲವನ್ನೂ ಹೇಳಿದೆ. ಕೊಳವೆ, ಬಾವಿ, ಪೆಶೆಕ್, ಪೈಪು. ಹನ್ನೊಂದು ವರ್ಷದ್ದಕ್ಕೆ ಬೈಯುತ್ತಾಳೆಂದು ಕಾದೆ.

"ಹನ್ನೊಂದು ವರ್ಷ ಯಾರ ತಪ್ಪೂ ಅಲ್ಲ," ಎಂದಳು. "ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮಂಗಳವಾರ ನಿನಗೆ ಗೊತ್ತಿತ್ತು."

ನಾನು ಬಟ್ಟಲನ್ನು ಕೈಗೆತ್ತಿಕೊಂಡು ಕಲೆಯನ್ನು ಬೆರಳಿನಿಂದ ಉಜ್ಜಿದೆ.

"ನಾನು ನೆಲದ ಮೇಲೆ ಬಿದ್ದಿದ್ದೆ ಓಟ್ಮರ್. ನಿಧಾನ ಕುಡಿ ಅಂದೆ ನೀನು." ಅಷ್ಟು ಹೇಳಿ ಆಲೂಗಡ್ಡೆ ಸುಲಿಯಲು ಕೂತಳು. ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವರ್ಷ ಮುಗಿದ ಮೇಲೆ ಕೈಫಿಯತ್ತು ಬರೆಯಲು ಕೂತೆ. ಈ ಸಲ ಮುಚ್ಚಿಡಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಆನೆಷ್ಕಾ ಯಾವುದು, ಮಂಟಪದ ನೀರು ಯಾವುದು, ಪೈಪು ಯಾರು ಹೂತರು, ಯಾರು ಕಿತ್ತರು, ಎಲ್ಲವನ್ನೂ ಹೆಸರು ಸಮೇತ ಆರು ಪುಟ ಬರೆದೆ. ಕೊನೆಗೆ ನನ್ನ ಬಗ್ಗೆಯೂ ಒಂದು ಸಾಲು ಸೇರಿಸಿದೆ: 'ಈ ಸಂಗತಿಯನ್ನು ಕೈಫಿಯತ್ತು ಬರೆಯುವವನು ತನ್ನ ಮನೆಯವರಿಂದಲೂ ಮರೆಮಾಚಿ, ಕೆಲವು ದಿನ ಅವರಿಗೆ ಬಾವಿ ನೀರನ್ನೇ ಕುಡಿಯಲು ಬಿಟ್ಟನು.' ಎದೆ ಹಗುರವಾಯಿತು. ಊರೇ ಹೊತ್ತಿಕೊಂಡು ಉರಿಯುತ್ತದೆ ಎಂದುಕೊಂಡು ಪಂಚಾಯಿತಿಗೆ ಒಯ್ದೆ. ಪೆಶೆಕ್ ಪುಟಗಳನ್ನು ಎಣಿಸಿ, "ಈ ಸಲ ಉದ್ದ ಬಂದಿದೆ ಮೇಷ್ಟ್ರೇ" ಎಂದು ಮುದ್ರೆ ಒತ್ತಿದ. ಏಳು ಕೈ ಮೇಲೆದ್ದವು, ಏಳೂ ಇಳಿದವು. ಪುಸ್ತಕ ಕಚೇರಿಯ ಕಪಾಟಿಗೆ ಹೋಯಿತು. ಈಗಲೂ ಅಲ್ಲೇ ಇದೆ. ಸೋಮವಾರ, ಬುಧವಾರ ಯಾರು ಬೇಕಾದರೂ ಹೋಗಿ ಓದಬಹುದು.

ಓದಲು ಒಬ್ಬಳೇ ಒಬ್ಬಳು ಹೋದಳು. ಬುಧವಾರ, ಕನ್ನಡಕ ತೆಗೆದುಕೊಂಡು, ಒಳ್ಳೆಯ ಕೋಟು ಹಾಕಿಕೊಂಡು. ಎರಡು ಗಂಟೆ ಕೂತು ಓದಿದಳಂತೆ. ಎದ್ದು ಹೋಗುವಾಗ ಕಾನೂನು ಪ್ರಕಾರ ಅರ್ಜಿ ಬರೆದು ಕೊಟ್ಟಳಂತೆ.

ಮುಂದಿನ ಸಭೆಯಲ್ಲಿ ಪೆಶೆಕ್ ಅದನ್ನು ಓದಿದ, ಮುಖದಲ್ಲಿ ಸಂಭ್ರಮ ತುಂಬಿಕೊಂಡು. "ಓಲ್ಶಿನಿ ಚರಿತ್ರೆಯಲ್ಲೇ ಮೊದಲ ತಿದ್ದುಪಡಿ ಅರ್ಜಿ ಕಣ್ರಪ್ಪಾ! ಅರ್ಜಿದಾರರು ಯರ್ಮಿಲಾ ಬೆನೆಡೊವಾ, ನಮ್ಮ ಮೇಷ್ಟ್ರ ಮನೆಯವರು. ನೂರ ನಲವತ್ತೊಂದನೇ ಪುಟದಲ್ಲಿ 'ಕೆಲವು ದಿನ' ಅಂತ ಇರೋದನ್ನ 'ಇಪ್ಪತ್ತಮೂರು ದಿನ' ಅಂತ ತಿದ್ದಬೇಕಂತೆ. ಏನು ಮೇಷ್ಟ್ರೇ, ಯಾವುದರ ಲೆಕ್ಕ ಇದು?"

"ಏಪ್ರಿಲ್ ಹದಿನಾಲ್ಕರಿಂದ ಮೇ ಏಳರವರೆಗೆ. ಸರಿಯಾಗಿದೆ," ಎಂದೆ.

"ಹಾಗಾದ್ರೆ ಏನು ತಕರಾರು? ಒಪ್ಪೋರು ಕೈ ಎತ್ತಿ."

ಏಳು ಕೈ ಎದ್ದವು. ಯರ್ಮಿಲಾ ಹಿಂದಿನ ಬೆಂಚಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಪುಸ್ತಕ ತೆರೆದು, 'ಕೆಲವು' ಎಂಬುದರ ಮೇಲೆ ಗೆರೆ ಎಳೆದು, ಮೇಲೆ 'ಇಪ್ಪತ್ತಮೂರು' ಎಂದು ಬರೆದೆ. ಆ ಒಂದು ಕಡೆ ನನ್ನ ಅಕ್ಷರ ದುಂಡಗೆ ಬಂದಿಲ್ಲ.